ಮನೆಯಲ್ಲಿ ಮೇಣದಬತ್ತಿ: ಹೊಸದಾಗಿ ಕಲಿಯುವವರಿಗೆ ಒಂದು ಪಾಠ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ಈ ಸಂಚಿಕೆಯ ಮೂಲಕ ಒಂದು ಕೈಕೆಲಸದ ಪಾಠವನ್ನು ಹೇಳಲು ಅಪೇಕ್ಷಿಸಿದ್ದೇವೆ. ವಿಷಯವು ಸಣ್ಣದು, ಮೇಣದಬತ್ತಿ. ಸಣ್ಣದಾದರೂ ಇದರಲ್ಲಿ ಕೈಗೆ ಕೆಲಸವುಂಟು, ಬುದ್ಧಿಗೆ ಶಾಸ್ತ್ರವುಂಟು, ಸಂಸಾರಕ್ಕೆ ಉಪಯೋಗವುಂಟು, ಜೊತೆಗೆ ಬೆಂಕಿಯ ಭಯವೂ ಉಂಟು. ಈ ನಾಲ್ಕನ್ನೂ ಒಟ್ಟಿಗೆ ಕಲಿಸದವರು ಮೇಣದಬತ್ತಿಯನ್ನು ಕಲಿಸಿದರೆಂದು ಹೇಳಲಾಗದು.

ನರಿಮೊಗರು ಮತ್ತು ಅದರ ಆಸುಪಾಸಿನ ಗ್ರಾಮಗಳಲ್ಲಿ ಮನೆಗಳು ಒಂದಕ್ಕೊಂದು ದೂರ; ನಡುವೆ ಅಡಿಕೆತೋಟ, ಗುಡ್ಡ, ತೋಡು. ಆಟಿಯ ಮಳೆಗೆ ಒಂದು ಮರವು ತಂತಿಯ ಮೇಲೆ ಬಿದ್ದರೆ ಸಾಕು, ದೀಪಗಳೆಲ್ಲ ಆರಿಹೋಗುತ್ತವೆ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲಿನ ಬೆಳಕು ಇದೆ ಎಂಬುದು ನಿಜ. ಆದರೆ ಎರಡನೆಯ ರಾತ್ರಿಗೆ ಅದೂ ಬರಿದಾಗುತ್ತದೆ. ಪರೀಕ್ಷೆಯ ಹಿಂದಿನ ದಿನ ಪುಸ್ತಕದ ಮುಂದೆ ಕುಳಿತ ಹುಡುಗಿಗೆ ಆಗ ಬೇಕಾಗುವುದು ಮೇಜಿನ ಮೇಲೆ ನೆಟ್ಟಗೆ ನಿಂತು ಎರಡು ತಾಸು ಉರಿಯುವ ಒಂದು ಬತ್ತಿ.

ಈ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ನಾವು ಅನೇಕಾವರ್ತಿ ಕೇಳಿದ್ದೇವೆ. ತಾಯಂದಿರು ಕೇಳುವುದು: “ಅಂಗಡಿಯಲ್ಲಿ ಸಿಗುವ ವಸ್ತುವನ್ನು ಮನೆಯಲ್ಲಿ ಯಾಕೆ ಮಾಡಬೇಕು ಟೀಚರೇ?” ಹಳೆಯ ವಿದ್ಯಾರ್ಥಿನಿಯರು ಕೇಳುವುದು: “ಇದರಿಂದ ನಾಲ್ಕು ಕಾಸು ಗಳಿಸಬಹುದೋ?” ಮೊದಲನೆಯದಕ್ಕೆ ಈ ಪಾಠವೇ ಉತ್ತರ. ಎರಡನೆಯದಕ್ಕೆ ಕೊನೆಯಲ್ಲಿ ಉತ್ತರ ಕೊಡುತ್ತೇವೆ. ದಯವಿಟ್ಟು ಅದನ್ನು ಓದದೆ ಯಾರೂ ಹಣ ಹಾಕಬಾರದು.

೧. ಹಿಂದಿನ ಸಂಗತಿ

ನಮ್ಮ ಜಿಲ್ಲೆಯಲ್ಲಿ ದೀಪವೆಂದರೆ ಪೂರ್ವದಿಂದಲೂ ಎಣ್ಣೆಯ ದೀಪವೇ. ತೆಂಗಿನೆಣ್ಣೆಯನ್ನೂ ಹೊನ್ನೆ ಎಣ್ಣೆಯನ್ನೂ ನಮ್ಮ ಹಿರಿಯರು ಉರಿಸುತ್ತಿದ್ದರು. ಇದಕ್ಕೆ ಕಾರಣವು ನಮ್ಮ ಹವೆಯಲ್ಲಿದೆ. ತೆಂಗಿನೆಣ್ಣೆಯು ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಆದುದರಿಂದ ಚಳಿಗಾಲದ ಬೆಳಗಿನ ಹೊತ್ತು ಅದು ಕುಪ್ಪಿಯೊಳಗೆ ಗಟ್ಟಿಯಾದರೂ ಮಧ್ಯಾಹ್ನಕ್ಕೆ ನೀರಾಗುತ್ತದೆ. ಅದರಿಂದ ನಿಲ್ಲುವ ಬತ್ತಿಯನ್ನು ಮಾಡುವುದು ಹೇಗೆ? ಚಳಿ ದೇಶಗಳಲ್ಲಾದರೋ ದನಕುರಿಗಳ ಕೊಬ್ಬು ವರ್ಷದ ಬಹುಭಾಗ ಗಟ್ಟಿಯಾಗಿಯೇ ಇರುವುದರಿಂದ ಅಲ್ಲಿಯ ಬಡವರು ಅದರಲ್ಲಿ ನೂಲನ್ನು ಅದ್ದಿ ಅದ್ದಿ ಬತ್ತಿ ಮಾಡಿಕೊಂಡರು. ಅದು ಹೊಗೆಯುಗುಳಿ ದುರ್ವಾಸನೆ ಬೀರುತ್ತಿತ್ತು. ಜೇನುಮೇಣದ ಬತ್ತಿಯು ಶುದ್ಧವಾಗಿ ಉರಿದರೂ ಬೆಲೆ ಹೆಚ್ಚಾದುದರಿಂದ ದೇವಾಲಯಗಳಿಗೂ ಧನವಂತರ ಮನೆಗಳಿಗೂ ಮಾತ್ರ ಸಲ್ಲುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ರಸಾಯನಶಾಸ್ತ್ರ. ಫ್ರಾನ್ಸಿನ ಶೆವ್ರಲ್ ಎಂಬ ಪಂಡಿತನು ಕೊಬ್ಬು ಏತರಿಂದ ಉಂಟಾಗಿದೆ ಎಂಬುದನ್ನು ಶೋಧಿಸಿ ೧೮೨೩ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಕೊಬ್ಬಿನಿಂದ ಗ್ಲಿಸರಿನ್ನನ್ನು ಬೇರ್ಪಡಿಸಿದರೆ ಸ್ಟಿಯರಿಕ್ ಆಮ್ಲವೆಂಬ ಬಿಳಿಯ ಗಟ್ಟಿ ವಸ್ತು ದೊರಕುತ್ತದೆ; ಅದು ಬೇಗನೆ ಕರಗದು, ನಾರದು. ೧೮೨೫ರಲ್ಲಿ ಅವನೂ ಗೇ-ಲ್ಯುಸಾಕನೂ ಅದರಿಂದ ಬತ್ತಿ ಮಾಡುವ ಹಕ್ಕುಪತ್ರವನ್ನು ಪಡೆದರು. ಪ್ಯಾರಫಿನ್ ಎಂಬ ಮೇಣವನ್ನು ೧೮೩೦ರಲ್ಲಿ ಜರ್ಮನಿಯ ರೈಖೆನ್‌ಬಾಖ್ ಕಂಡುಹಿಡಿದನು. ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ ೧೮೫೦ರಲ್ಲಿ ಕಲ್ಲಿದ್ದಲಿನಿಂದ ಪ್ಯಾರಫಿನ್ ತೆಗೆಯುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ನಮ್ಮ ದೇಶದಲ್ಲಿ ಅಸ್ಸಾಮಿನ ಡಿಗ್ಬಾಯಿಯಲ್ಲಿ ೧೯೦೧ರಲ್ಲಿ ಪ್ರಾರಂಭವಾದ ಎಣ್ಣೆ ಶುದ್ಧೀಕರಣಾಲಯದಿಂದ ಪ್ಯಾರಫಿನ್ ಮೇಣವು ಬರತೊಡಗಿತು. ಈಗ ಅಂಗಡಿಯ ಬತ್ತಿಗಳು ಬಹುತೇಕ ಪ್ಯಾರಫಿನ್ನಿನವೇ.

೨. ಉರಿಯುವುದು ಯಾವುದು?

ಹುಡುಗಿಯರನ್ನು ಕೇಳಿದರೆ “ನೂಲು ಉರಿಯುತ್ತದೆ” ಎಂದು ಹತ್ತರಲ್ಲಿ ಎಂಟು ಮಂದಿ ಹೇಳುವರು. ಹಾಗಾದರೆ ಬರಿಯ ನೂಲು ಕ್ಷಣದಲ್ಲಿ ಬೂದಿಯಾಗುವುದೂ ಮೇಣದೊಳಗಿನ ನೂಲು ತಾಸುಗಟ್ಟಲೆ ನಿಲ್ಲುವುದೂ ಹೇಗೆ? ಉರಿಯುವುದು ಮೇಣ; ಅದೂ ಗಟ್ಟಿ ಮೇಣವಲ್ಲ, ಕರಗಿದ ಮೇಣವೂ ಅಲ್ಲ, ಮೇಣದ ಆವಿ. ಜ್ವಾಲೆಯ ಬಿಸಿಗೆ ಮೇಣವು ಕರಗಿ ನೂಲಿನ ಎಳೆಗಳ ನಡುವೆ ಮೇಲೇರಿ ಆವಿಯಾಗಿ ಗಾಳಿಯೊಡನೆ ಕೂಡಿ ಉರಿಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಗಾಳಿಯಿಲ್ಲದ ಕೋಣೆಯಲ್ಲಿ ಬತ್ತಿಯನ್ನು ಹೊತ್ತಿಸಿ ಸ್ವಲ್ಪ ಹೊತ್ತಿನ ಬಳಿಕ ಮೆಲ್ಲಗೆ ಊದಿ ನಂದಿಸಿರಿ. ಬಿಳಿಯ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಉರಿಯುವ ಕಡ್ಡಿಯನ್ನು ನೂಲಿಗೆ ತಗಲಿಸದೆ ಆ ಹೊಗೆಗೆ ಮಾತ್ರ ತೋರಿಸಿರಿ. ಬೆಂಕಿಯು ಹೊಗೆಯ ದಾರಿಯಲ್ಲೇ ಇಳಿದು ಬತ್ತಿಯನ್ನು ಹೊತ್ತಿಸುತ್ತದೆ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತು, ಕೊನೆಗೆ ಲೋಕಪ್ರಸಿದ್ಧ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆಯು ೧೮೬೦-೬೧ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನಿನ ಮಕ್ಕಳಿಗೆ ಮೇಣದಬತ್ತಿಯ ಮೇಲೆ ಆರು ಉಪನ್ಯಾಸಗಳನ್ನು ಕೊಟ್ಟನು. ಒಂದು ಬತ್ತಿಯಿಂದ ಆರು ದಿನಗಳ ಪಾಠ! ಮನೆಯಲ್ಲಿರುವ ವಸ್ತುವಿನಿಂದ ವಿಜ್ಞಾನ ಕಲಿಸಲಾಗದೆಂದು ಹೇಳುವವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೩. ಮೇಣಗಳ ಪರಿಚಯ

ಹೊಸಬರು ಮೇಣದ ಹೆಸರಿನೊಂದಿಗೆ ಅದು ಕರಗುವ ಶಾಖವನ್ನೂ ತಿಳಿದಿರಬೇಕು.

ಪ್ಯಾರಫಿನ್ ಮೇಣ: ಬತ್ತಿಗೆ ಯೋಗ್ಯವಾದುದು ೫೮ರಿಂದ ೬೦ ಡಿಗ್ರಿಗೆ ಕರಗುವ ಜಾತಿ. ಅದಕ್ಕಿಂತ ಕಡಮೆಯದು ನಮ್ಮ ಬೇಸಗೆಗೆ ಬಾಗುತ್ತದೆ.

ಸ್ಟಿಯರಿಕ್ ಆಮ್ಲ: ಸುಮಾರು ೬೯ ಡಿಗ್ರಿಗೆ ಕರಗುತ್ತದೆ. ಹತ್ತು ಪಾಲು ಪ್ಯಾರಫಿನ್ನಿಗೆ ಒಂದು ಪಾಲು ಸೇರಿಸಿದರೆ ಬತ್ತಿಯು ಗಟ್ಟಿಯಾಗಿ ಬೆಳ್ಳಗಾಗಿ ಅಚ್ಚಿನಿಂದ ಸುಲಭವಾಗಿ ಬಿಡುತ್ತದೆ. ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಇದನ್ನು ಕಾಯಿಸಬಾರದು. ಆಮ್ಲವು ಲೋಹವನ್ನು ತಿಂದು ಮೇಣವು ಹಸುರಾಗುತ್ತದೆ.

ಜೇನುಮೇಣ: ೬೨ರಿಂದ ೬೪ ಡಿಗ್ರಿ. ನಮ್ಮ ಸೀಮೆಯು ಜೇನಿನ ಸೀಮೆ. ಜೇನು ಸಾಕುವವರು ಪುತ್ತೂರಿನಲ್ಲಿ ತಮ್ಮದೇ ಸಹಕಾರಿ ಸಂಘವನ್ನು ಕಟ್ಟಿಕೊಂಡವರು. ೧೯೯೧-೯೨ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗದಿಂದ ತುಡುವೆ ಜೇನಿನ ಕುಟುಂಬಗಳು ಬಹುಪಾಲು ನಾಶವಾದುವು. ಅಲ್ಲಿಂದ ಮೆಲ್ಲಮೆಲ್ಲನೆ ಪುನಃ ಪೆಟ್ಟಿಗೆಗಳು ತುಂಬಿದುವು. ಒಂದು ಕಿಲೋ ಮೇಣವನ್ನು ಕಟ್ಟಲು ಹುಳಗಳು ಹಲವು ಕಿಲೋ ಜೇನನ್ನು ತಾವೇ ಉಣ್ಣಬೇಕಾಗುತ್ತದೆ. ಹೀಗಿರಲಾಗಿ ಮೇಣಕ್ಕೋಸ್ಕರ ಎರಿಯನ್ನು ಕೀಳಬಾರದು. ಹಳತಾಗಿ ತೆಗೆದ ಎರಿಯನ್ನು ಮಾತ್ರ ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಕುದಿಸಿ, ತಣಿದ ಮೇಲೆ ನೀರಿನ ಮೇಲೆ ಹೆಪ್ಪಾಗಿ ನಿಂತ ಮೇಣವನ್ನು ಎತ್ತಿಕೊಳ್ಳಬೇಕು.

ಧೂಪದ ಕೊಬ್ಬು: ನಮ್ಮ ರಸ್ತೆಗಳ ಬದಿಯಲ್ಲಿ ನೆರಳು ಕೊಡುವ ಸಾಲುಧೂಪದ ಮರವು ಪಶ್ಚಿಮ ಘಟ್ಟದ್ದೇ ಸ್ವಂತ ಮರ. ಅದರ ಬೀಜವನ್ನು ಒಣಗಿಸಿ ಕುಟ್ಟಿ ನೀರಿನಲ್ಲಿ ಕುದಿಸಿದರೆ ತಣಿದಾಗ ಬಿಳಿಯ ಕೊಬ್ಬು ಮೇಲೆ ನಿಲ್ಲುತ್ತದೆ. ಇದನ್ನು ಆಂಗ್ಲರು ಮಲಬಾರಿನ ಕೊಬ್ಬೆಂದು ಕರೆದು ಬತ್ತಿಗೂ ಸಾಬೂನಿಗೂ ಉಪಯೋಗಿಸಿದರು. ಪುನರ್ಪುಳಿಯ ಬೀಜದ ಕೊಬ್ಬೂ ಇದೇ ಬಗೆಯದು. ಆದರೆ ಇವೆರಡೂ ೪೦ ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಎಪ್ರಿಲ್ ತಿಂಗಳ ಮಧ್ಯಾಹ್ನ ಬತ್ತಿಯು ತಲೆ ತಗ್ಗಿಸುತ್ತದೆ. ಗೆರಟೆಯಲ್ಲಿಯೋ ಸಣ್ಣ ಬಟ್ಟಲಿನಲ್ಲಿಯೋ ಹೊಯ್ದು ಉರಿಸುವುದಕ್ಕೆ ಇವು ತಕ್ಕವು. ನಿಲ್ಲುವ ಬತ್ತಿಗೆ ಜೇನುಮೇಣದ ಆಧಾರ ಬೇಕು.

ಹಳೆಯ ತುಂಡುಗಳು: ನವೆಂಬರ ೨ರಂದು ಸಮಾಧಿಗಳ ಮೇಲೆ ಹೊತ್ತಿಸಿದ ಬತ್ತಿಗಳ ಶೇಷವನ್ನೂ ಮನೆಯ ತುಂಡುಗಳನ್ನೂ ಕೂಡಿಸಿಟ್ಟು ಕರಗಿಸಿ ತೆಳು ಬಟ್ಟೆಯಲ್ಲಿ ಸೋಸಿದರೆ ಹೊಸಬರ ಅಭ್ಯಾಸಕ್ಕೆ ಇದಕ್ಕಿಂತ ಅಗ್ಗದ ಮೇಣವಿಲ್ಲ.

೪. ನಡುವಿನ ನೂಲು

ಬತ್ತಿಯ ಗುಣವು ಅರ್ಧ ಮೇಣದಲ್ಲಿ, ಅರ್ಧ ನೂಲಿನಲ್ಲಿ. ನೂಲು ಹತ್ತಿಯದೇ ಆಗಿರತಕ್ಕದ್ದು. ನೈಲಾನ್ ಮೊದಲಾದವು ಕರಗಿ ಮುದ್ದೆಯಾಗುವುವು. ಹಿಂದಿನ ಕಾಲದಲ್ಲಿ ಹೊಸೆದ ನೂಲನ್ನು ಹಾಕುತ್ತಿದ್ದುದರಿಂದ ಸುಟ್ಟ ತುದಿಯು ಉದ್ದವಾಗಿ ಬೆಳೆದು ಹೊಗೆ ಕಾರುತ್ತಿತ್ತು. ಅದನ್ನು ಆಗಾಗ ಕತ್ತರಿಸುವುದೇ ಒಂದು ಕೆಲಸವಾಗಿತ್ತು. ೧೮೨೫ರಲ್ಲಿ ಫ್ರಾನ್ಸಿನ ಕಾಂಬಸೆರೆಸ್ ಎಂಬವನು ಜಡೆಯಂತೆ ಹೆಣೆದ ನೂಲನ್ನು ಬಳಕೆಗೆ ತಂದನು. ಹೆಣೆದ ನೂಲು ಉರಿಯುವಾಗ ಒಂದು ಕಡೆಗೆ ಬಾಗಿ ಜ್ವಾಲೆಯ ಅಂಚಿಗೆ ತಲೆ ಚಾಚಿ ತಾನೇ ಬೂದಿಯಾಗುತ್ತದೆ. ಹೆಣ್ಣುಮಕ್ಕಳಿಗೆ ಮೂರು ಕಾಲಿನ ಜಡೆಯನ್ನು ಕಲಿಸಬೇಕಾಗಿಲ್ಲ. ಆ ವಿದ್ಯೆಯನ್ನೇ ಇಲ್ಲಿ ನೂಲಿಗೆ ಉಪಯೋಗಿಸಿರಿ.

ಒಂದು ಲೋಟ ಬಿಸಿನೀರಿನಲ್ಲಿ ಒಂದು ಚಮಚ ಉಪ್ಪನ್ನೂ ಎರಡು ಚಮಚ ಬಿಳಿಗಾರವನ್ನೂ ಕರಗಿಸಿ, ಹೆಣೆದ ನೂಲನ್ನು ಒಂದು ರಾತ್ರಿ ನೆನೆಸಿ, ಎರಡು ದಿನ ಚೆನ್ನಾಗಿ ಒಣಗಿಸಿರಿ. ಬಳಿಕ ಕರಗಿದ ಮೇಣದಲ್ಲಿ ಅದ್ದಿ ಎಳೆದು ನೆಟ್ಟಗೆ ತೂಗಹಾಕಿರಿ. ಒದ್ದೆ ನೂಲು ಚಿಟಿಚಿಟಿ ಸಿಡಿಯುತ್ತದೆ. ಬಿಳಿಗಾರದ ನೀರನ್ನು ಎಳೆಯ ಮಕ್ಕಳ ಕೈಗೆ ಸಿಗದಂತೆ ಇಡಬೇಕು.

೫. ಅಚ್ಚು

ಪೇಟೆಯಲ್ಲಿ ಅಲ್ಯುಮಿನಿಯಮ್, ಸಿಲಿಕೋನ್ ಅಚ್ಚುಗಳು ದೊರಕುತ್ತವೆ. ಹೊಸದಾಗಿ ಕಲಿಯುವವರು ಅವನ್ನು ಕೊಳ್ಳುವುದು ಅವಶ್ಯವಲ್ಲ. ನಮ್ಮ ಹಿತ್ತಿಲಿನಲ್ಲಿಯೇ ಒಂದು ಅಚ್ಚು ಬೆಳೆಯುತ್ತದೆ, ಅದು ಬಪ್ಪಂಗಾಯಿಯ ಎಲೆಯ ತೊಟ್ಟು. ಪಪ್ಪಾಯಿಯೆಂದು ಪುಸ್ತಕದಲ್ಲಿ ಬರೆಯುವ ಈ ಗಿಡದ ತೊಟ್ಟು ಒಳಗೆ ಕೊಳವೆಯಂತೆ ಟೊಳ್ಳು. ಊರಿನ ಮಕ್ಕಳು ಆಟಕ್ಕಾಗಿ ಅದರಲ್ಲಿ ಮೇಣ ಹೊಯ್ಯುವುದನ್ನು ಬಹುಮಂದಿ ಓದುಗರು ಬಾಲ್ಯದಲ್ಲಿ ಕಂಡಿರಬಹುದು. ಆ ಆಟವನ್ನೇ ಕ್ರಮವಾಗಿ ಮಾಡಿದರೆ ಅದು ಪಾಠವಾಗುತ್ತದೆ.

ಒಳಗಿನ ಅಗಲವು ೧.೫ ಸೆಂಟಿಮೀಟರು ಇರುವ ದಪ್ಪ ತೊಟ್ಟುಗಳನ್ನು ಆರಿಸಿ ೧೫ ಸೆಂಟಿಮೀಟರು ಉದ್ದಕ್ಕೆ ಕತ್ತರಿಸಿರಿ. ಹಾಲು ಸೋರುವುದು; ಅದು ಕಣ್ಣಿಗೂ ಚರ್ಮಕ್ಕೂ ಉರಿ. ಸೋರಿ ನಿಂತ ಬಳಿಕ ತೊಳೆದು, ಒಳಗೆ ತೇವವಿಲ್ಲದಂತೆ ಅರ್ಧ ದಿನ ತೂಗಹಾಕಿರಿ. ಇಂಥ ಒಂದು ಕೊಳವೆಯಲ್ಲಿ ಸುಮಾರು ೨೬ ಮಿಲಿಲೀಟರು ನೀರು ಹಿಡಿಯುತ್ತದೆ. ಮೇಣವು ನೀರಿಗಿಂತ ಹಗುರ. ನೀರಿನ ಅಳತೆಯ ಹತ್ತರಲ್ಲಿ ಒಂಬತ್ತು ಪಾಲೆಂದು ಲೆಕ್ಕ ಹಿಡಿದರೆ ಒಂದು ಬತ್ತಿಗೆ ೨೪ ಗ್ರಾಮ್ ಮೇಣ ಬೇಕು. ೧೮೦ ಗ್ರಾಮ್ ಪ್ಯಾರಫಿನ್ನಿಗೆ ೧೮ ಗ್ರಾಮ್ ಸ್ಟಿಯರಿಕ್ ಆಮ್ಲ ಸೇರಿಸಿದರೆ ಎಂಟು ಬತ್ತಿಗಳಾದುವು. ಯಾವ ಅಚ್ಚಿಗಾದರೂ ಇದೇ ಲೆಕ್ಕವು ಸಲ್ಲುತ್ತದೆ.

೬. ಮಾಡುವ ಕ್ರಮ

ಮೊದಲನೆಯದು. ಒಂದು ಡಬ್ಬಿಯಲ್ಲಿ ಒಣ ಮರಳನ್ನು ತುಂಬಿರಿ. ನೂಲಿನ ಕೆಳತುದಿಯನ್ನು ಹಿಡಿಸೂಡಿಯ ಕಡ್ಡಿಯ ಚಿಕ್ಕ ತುಂಡಿಗೆ ಕಟ್ಟಿ ಕೊಳವೆಯೊಳಗಿಂದ ಮೇಲಕ್ಕೆಳೆಯಿರಿ. ಕೆಳಬಾಯಿಯನ್ನು ಹದವಾದ ಜೇಡಿಮಣ್ಣಿನಿಂದ ಮುಚ್ಚಿ ಕೊಳವೆಯನ್ನು ಮರಳಿನಲ್ಲಿ ನೆಟ್ಟಗೆ ಊರಿರಿ. ಮೇಲ್ತುದಿಯನ್ನು ಬಾಯಿಗೆ ಅಡ್ಡವಾಗಿ ಇಟ್ಟ ಇನ್ನೊಂದು ಕಡ್ಡಿಗೆ ಬಿಗಿಯಾಗಿ ಸುತ್ತಿರಿ. ನೂಲು ಸರಿ ನಡುವಿನಲ್ಲಿರಬೇಕು.

ಎರಡನೆಯದು. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಅದರೊಳಗೆ ಮೇಣದ ಪಾತ್ರೆಯನ್ನು ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿರಿ. ನೀರು ೧೦೦ ಡಿಗ್ರಿಗಿಂತ ಮೇಲೇರದುದರಿಂದ ಮೇಣವೂ ಅದಕ್ಕಿಂತ ಹೆಚ್ಚು ಕಾಯದು. ಮೇಣದ ಪಾತ್ರೆಯನ್ನು ನೇರವಾಗಿ ಬೆಂಕಿಯ ಮೇಲೆ ಎಂದೂ ಇಡಬಾರದು.

ಮೂರನೆಯದು. ಎಲ್ಲವೂ ಕರಗಿದ ಮೇಲೆ ಪಾತ್ರೆಯನ್ನು ಇಳಿಸಿ, ಅಂಚಿನಲ್ಲಿ ತೆಳುವಾದ ಕೆನೆಯಂಥ ಪೊರೆ ಕಾಣುವ ತನಕ ಕಾಯಿರಿ. ಈಗ ಹೊಯ್ಯುವ ಹದ. ಮೊದಲು ಒಂದು ಬೆರಳಿನಷ್ಟು ಹೊಯ್ದು ಹೆಪ್ಪಾಗಲು ಬಿಡಿರಿ. ಇದರಿಂದ ಬುಡವು ಮುಚ್ಚಿ ಸೋರಿಕೆ ನಿಲ್ಲುತ್ತದೆ. ಬಳಿಕ ತೆಳ್ಳಗಿನ ಧಾರೆಯಾಗಿ ತುಂಬಿರಿ. ಹತ್ತರಲ್ಲೊಂದು ಪಾಲನ್ನು ಪಾತ್ರೆಯಲ್ಲೇ ಉಳಿಸಿಕೊಳ್ಳಿರಿ.

ನಾಲ್ಕನೆಯದು. ಮೇಣವು ತಣಿಯುವಾಗ ಕುಗ್ಗಿ ನೂಲಿನ ಸುತ್ತ ಕುಳಿ ಬೀಳುತ್ತದೆ. ಕಡ್ಡಿಯಿಂದ ಆ ಕುಳಿಯನ್ನು ತೆರೆದು ಉಳಿಸಿದ ಮೇಣವನ್ನು ಕರಗಿಸಿ ತುಂಬಿರಿ. ಇದನ್ನು ಮರೆತರೆ ಬತ್ತಿಯು ಹೊರಗೆ ಚಂದ, ಒಳಗೆ ಟೊಳ್ಳು.

ಐದನೆಯದು. ಒಂದು ರಾತ್ರಿ ಹಾಗೆಯೇ ಬಿಡಿರಿ. ಅವಸರದಿಂದ ಶೀತಪೆಟ್ಟಿಗೆಯಲ್ಲಿ ಇಟ್ಟರೆ ಬಿರುಕು ಬಿಡುತ್ತದೆ. ಮರುದಿನ ತೊಟ್ಟನ್ನು ಉದ್ದಕ್ಕೆ ಸೀಳಿ ಸುಲಿಯಿರಿ. ನೂಲಿನ ತುದಿಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ, ಇನ್ನೊಂದು ದಿನ ಕಳೆದ ಮೇಲೆ ಹೊತ್ತಿಸಿರಿ.

ಬಣ್ಣ ಬೇಕೆನ್ನುವವರು ಮೇಣದಲ್ಲಿ ಕರಗುವ ಬಣ್ಣವನ್ನೇ ತರತಕ್ಕದ್ದು. ಕುಂಕುಮವೂ ತಿಂಡಿಯ ಬಣ್ಣವೂ ಮೇಣದಲ್ಲಿ ಕರಗದೆ ಬುಡದಲ್ಲಿ ಕೂರುವುವು, ಇಲ್ಲವೆ ನೂಲಿನ ದಾರಿಯನ್ನು ಕಟ್ಟುವುವು.

೭. ಪರೀಕ್ಷೆ

ಪ್ರತಿ ಸಾರಿಯೂ ಒಂದು ಬತ್ತಿಯನ್ನು ಪರೀಕ್ಷೆಗಾಗಿ ಉರಿಸಬೇಕು. ಜ್ವಾಲೆಯು ಎತ್ತರವಾಗಿ ಹೊಗೆ ಬಂದರೆ ನೂಲು ದಪ್ಪ. ಜ್ವಾಲೆಯು ಸಣ್ಣಗಾಗಿ ಕರಗಿದ ಮೇಣದಲ್ಲಿ ಮುಳುಗಿದರೆ ನೂಲು ತೆಳ್ಳಗೆ. ನಡುವಿನಲ್ಲಿ ಬಾವಿ ತೋಡಿದಂತೆ ಉರಿದು ಸುತ್ತಲಿನ ಗೋಡೆ ಉಳಿದರೂ ನೂಲು ಸಾಲದೆಂದು ತಿಳಿಯಬೇಕು. ಒಂದೇ ಕಡೆಗೆ ಸೋರಿದರೆ ನೂಲು ನಡುವಿನಲ್ಲಿಲ್ಲ, ಇಲ್ಲವೆ ಗಾಳಿ ಬಡಿಯುತ್ತದೆ. ಜೇನುಮೇಣಕ್ಕೆ ಪ್ಯಾರಫಿನ್ನಿಗಿಂತ ದಪ್ಪ ನೂಲು ಬೇಕು. ಒಂದು ಸಾರಿಗೆ ಒಂದೇ ಸಂಗತಿಯನ್ನು ಬದಲಿಸಿ ಫಲವನ್ನು ಪುಸ್ತಕದಲ್ಲಿ ಬರೆದಿಡಿರಿ.

೮. ಎಚ್ಚರಿಕೆ

ಈ ಭಾಗವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಬೇಕೆಂದು ತಾಯಂದಿರಲ್ಲಿ ನಮ್ಮ ವಿನಂತಿ.

ಮೇಣವು ಒಲೆಯ ಮೇಲಿರುವಾಗ ಯಾರೂ ಅದನ್ನು ಬಿಟ್ಟು ಹೋಗಬಾರದು. ಬಾಗಿಲಿಗೆ ಯಾರು ಬಂದರೂ ಮೊದಲು ಉರಿಯನ್ನು ನಂದಿಸಿ ಹೋಗಬೇಕು. ಹನ್ನೆರಡು ವರ್ಷದೊಳಗಿನವರು ದೊಡ್ಡವರಿಲ್ಲದೆ ಮಾಡಕೂಡದು. ಜಡೆಯನ್ನು ಕಟ್ಟಿರಬೇಕು, ದುಪ್ಪಟ್ಟ, ಜೋಲುವ ಸೆರಗು, ನೈಲಾನ್ ಬಟ್ಟೆ ಬೇಡ. ಹತ್ತಿಯ ಬಟ್ಟೆಯೇ ಯೋಗ್ಯ. ಕಿಟಿಕಿ ತೆರೆದಿರಲಿ.

ಮೇಣಕ್ಕೆ ಬೆಂಕಿ ಹಿಡಿದರೆ ನೀರು ಹೊಯ್ಯಲೇ ಬಾರದು. ಕಾರಣವನ್ನು ತಿಳಿದವರು ಮರೆಯುವುದಿಲ್ಲ: ನೀರು ಮೇಣಕ್ಕಿಂತ ಭಾರವಾದುದರಿಂದ ಕೆಳಕ್ಕಿಳಿದು, ಅಲ್ಲಿಯ ಶಾಖಕ್ಕೆ ಒಮ್ಮೆಲೆ ಹಬೆಯಾಗಿ, ಉರಿಯುವ ಮೇಣವನ್ನು ಮಾಡಿನ ತನಕ ಎರಚುತ್ತದೆ. ಒಲೆಯನ್ನು ನಂದಿಸಿ ಪಾತ್ರೆಗೆ ಮುಚ್ಚಳ ಹಾಕಿರಿ. ಗಾಳಿ ಸಿಗದೆ ಬೆಂಕಿ ಸಾಯುತ್ತದೆ. ಆದುದರಿಂದ ಸರಿಯಾದ ಮುಚ್ಚಳವೂ ಒಂದು ಡಬ್ಬಿ ಒಣ ಮರಳೂ ಕೈಯಳತೆಯಲ್ಲಿರದೆ ಕೆಲಸಕ್ಕೆ ತೊಡಗಬಾರದು.

ಬಿಸಿ ಮೇಣವು ಮೈಗೆ ಬಿದ್ದರೆ ಇಪ್ಪತ್ತು ನಿಮಿಷ ತಣ್ಣೀರಿನ ಧಾರೆಗೆ ಒಡ್ಡಬೇಕು. ಅಂಟಿದ ಮೇಣವನ್ನು ಕಿತ್ತರೆ ಚರ್ಮವೂ ಬರುತ್ತದೆ. ಮಂಜುಗಡ್ಡೆ, ಹಲ್ಲುಪುಡಿ, ಎಣ್ಣೆ, ಶಾಯಿ ಯಾವುದನ್ನೂ ಹಚ್ಚದೆ ವೈದ್ಯರಲ್ಲಿಗೆ ಹೋಗಬೇಕು.

ಉರಿಯುವ ಬತ್ತಿಯನ್ನು ಅಗಲವಾದ ತಟ್ಟೆಯಲ್ಲಿ ನಿಲ್ಲಿಸಬೇಕು. ಹಾಸಿಗೆ, ಪರದೆ, ಪುಸ್ತಕದ ರಾಶಿ ಇವುಗಳ ಬಳಿ ಇಡಬಾರದು. ನಿದ್ರೆಗೆ ಮೊದಲು ನಂದಿಸಬೇಕು. ಓದುತ್ತ ನಿದ್ದೆಹೋಗುವ ಮಗುವನ್ನು ಬತ್ತಿಯೊಡನೆ ಒಂಟಿಯಾಗಿ ಬಿಡುವುದು ಅಪಾಯ.

೯. ಗಳಿಕೆಯ ವಿಷಯ

ಈಗ ಎರಡನೆಯ ಪ್ರಶ್ನೆಗೆ ಬರುತ್ತೇವೆ. ಗಳಿಸಬಹುದು, ಆದರೆ ಲೆಕ್ಕ ತಿಳಿದವರು ಮಾತ್ರ. ಒಂದು ಕಿಲೋ ಮೇಣದಿಂದ ೫೦ ಗ್ರಾಮಿನ ಬತ್ತಿಗಳು ಕಾಗದದ ಮೇಲೆ ಇಪ್ಪತ್ತು. ಪಾತ್ರೆಗೆ ಅಂಟಿದ್ದು, ಸೋರಿದ್ದು, ಪರೀಕ್ಷೆಗೆ ಉರಿಸಿದ್ದು ಕಳೆದರೆ ಹದಿನೆಂಟೆಂದು ಹಿಡಿಯಿರಿ. ಮೇಣ, ನೂಲು, ಇಂಧನ, ಕಾಗದ, ಬಸ್ಸಿನ ಖರ್ಚು ಇವನ್ನು ಕೂಡಿಸಿ ಹದಿನೆಂಟರಿಂದ ಭಾಗಿಸಿರಿ. ನಿಮ್ಮ ದುಡಿಮೆಯ ತಾಸುಗಳಿಗೂ ಬೆಲೆ ಹಾಕಿರಿ. ಮನೆಯ ಹೆಂಗಸಿನ ಸಮಯಕ್ಕೆ ಬೆಲೆಯಿಲ್ಲವೆಂದು ಬರೆದ ಲೆಕ್ಕವು ಸುಳ್ಳು ಲೆಕ್ಕ. ಆಗ ತಿಳಿಯುವುದೇನೆಂದರೆ, ಅಂಗಡಿಯ ಸಾದಾ ಬಿಳಿ ಬತ್ತಿಯೊಡನೆ ನಾವು ಬೆಲೆಯಲ್ಲಿ ಪೈಪೋಟಿ ಮಾಡಲಾರೆವು. ಯಂತ್ರವು ಒಂದು ತಾಸಿನಲ್ಲಿ ಮಾಡುವುದನ್ನು ಕೈಯು ಒಂದು ವಾರದಲ್ಲಿ ಮಾಡಲಾರದು. ಜೇನುಮೇಣದ ಬತ್ತಿ, ಗೆರಟೆಯ ದೀಪ, ಹಬ್ಬದ ಬತ್ತಿ, ಇಂಥವುಗಳಿಗೆ ಮಾತ್ರ ಕೈಕೆಲಸದ ಬೆಲೆ ಸಿಗುತ್ತದೆ.

“ಯಂತ್ರವನ್ನು ನಮ್ಮಿಂದ ಕೊಳ್ಳಿರಿ, ನೀವು ಮಾಡಿದ ಬತ್ತಿಯನ್ನೆಲ್ಲ ನಾವೇ ಕೊಳ್ಳುತ್ತೇವೆ” ಎಂಬ ಜಾಹೀರಾತುಗಳು ಆಗಾಗ ಕಾಣುತ್ತವೆ. ಇಂಥ ಮಾತುಗಳಲ್ಲಿ ಯಂತ್ರದ ಹಣವು ಇಂದೇ ನಮ್ಮ ಕೈಯಿಂದ ಹೋಗುತ್ತದೆ. ಬತ್ತಿಯ ಹಣವು ಮುಂದೆ ಬರಬೇಕಾದದ್ದು. ಮೊದಲ ಕಂತನ್ನು ಕೊಂಡು ಎರಡನೆಯದಕ್ಕೆ “ಗುಣ ಸಾಲದು” ಎಂದರೆ ಕೇಳುವವರು ಯಾರು? ಆದುದರಿಂದ ಬೆಂಡೋಲೆಯನ್ನು ಅಡವಿಟ್ಟು ಯಂತ್ರ ತರುವ ಮೊದಲು, ತೊಟ್ಟಿನ ಅಚ್ಚಿನಲ್ಲಿ ಮಾಡಿದ ಎಂಟು ಬತ್ತಿಗಳನ್ನು ಪರಿಚಯವಿಲ್ಲದ ಎಂಟು ಮಂದಿಗೆ ಮಾರಿ ನೋಡಿರಿ. ನೆಂಟರು ಕೊಂಡದ್ದು ಲೆಕ್ಕಕ್ಕಿಲ್ಲ. ಅವರಲ್ಲಿ ಎಷ್ಟು ಮಂದಿ ಎರಡನೆಯ ಸಾರಿ ಕೇಳಿ ಬಂದರೋ ಅಷ್ಟೇ ನಿಮ್ಮ ವ್ಯಾಪಾರ.

೧೦. ಅಭ್ಯಾಸ

ತಾಯಿಮಕ್ಕಳು ಕೂಡಿ ಈ ಪ್ರಶ್ನೆಗಳಿಗೆ ಉತ್ತರ ಬರೆಯಲಿ.

(ಅ) ೨೦೦ ಮಿಲಿಲೀಟರು ನೀರು ಹಿಡಿಯುವ ಗೆರಟೆಗೆ ಎಷ್ಟು ಗ್ರಾಮ್ ಮೇಣ ಬೇಕು?
(ಆ) ನಂದಿಸಿದ ಬತ್ತಿಯ ಹೊಗೆಗೆ ಬೆಂಕಿ ಹಿಡಿಯುವುದು ಯಾಕೆ? ಕಟ್ಟಿಗೆಯ ಒಲೆಯ ಹೊಗೆಯೂ ಹೀಗೆಯೇ ಉರಿದೀತೋ?
(ಇ) ಮೇಣದ ಬೆಂಕಿಗೆ ನೀರು ಯಾಕೆ ಬೇಡ? ಮುಚ್ಚಳವು ಏನನ್ನು ತಡೆಯುತ್ತದೆ?
(ಈ) ಧೂಪದ ಬೀಜವನ್ನು ಪೂರ್ತಿಯಾಗಿ ಆರಿಸಿದರೆ ಇಪ್ಪತ್ತು ವರ್ಷಗಳ ಬಳಿಕ ಏನಾದೀತು?

ನಾಲ್ಕನೆಯ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ. ಮರದ ಬುಡಕ್ಕೆ ಹೋಗಿ ಸಸಿಗಳನ್ನು ಎಣಿಸಿ ಬರಬೇಕು. ಹಳೆಯ ವಿದ್ಯಾರ್ಥಿನಿಯರು ತಾವು ಮಾಡಿದ ಬತ್ತಿಯು ಎಷ್ಟು ಹೊತ್ತು ಉರಿಯಿತೆಂಬುದನ್ನೂ ಮೇಣದ ತೂಕವನ್ನೂ ಬರೆದು ಕಳುಹಿಸಿದರೆ ಅದನ್ನು ಈಗಿನ ವಿದ್ಯಾರ್ಥಿನಿಯರಿಗೆ ಗಣಿತದ ಪಾಠವಾಗಿ ಕೊಡುವೆವು. ಬತ್ತಿಯು ಕೆಟ್ಟರೂ ಲೆಕ್ಕವನ್ನು ಕಳುಹಿಸಬಹುದು. ಕೆಟ್ಟ ಕಾರಣವನ್ನು ಕಂಡುಹಿಡಿಯುವುದು ನಮ್ಮ ಒಂಬತ್ತನೆಯ ತರಗತಿಯವರಿಗೆ ಒಳ್ಳೆಯ ಕೆಲಸ.